‘ಆ’ ಅನ್ನಿ: ಓದುಗರ ಹಲ್ಲು-ಬಾಯಿ ಪ್ರಶ್ನೆಗಳು

ಈ ಸಲ ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ದಪ್ಪ ಇತ್ತು. ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹಲ್ಲುನೋವಿನವರದ್ದಲ್ಲ. ಹಲ್ಲಿನ ಡಾಕ್ಟರಾಗಲು ಹೊರಟವರದ್ದು, ಇಲ್ಲವೇ ಅವರ ಮನೆಯವರದ್ದು. ಹಾಗಾಗಿ ಈ ತಿಂಗಳು ಅವರಿಗೇ ಮೀಸಲು.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳುತ್ತೇನೆ. 28 ವರ್ಷ ಗಡಿಯಾಚೆ, ಕರ್ನಾಟಕದ ಒಂದು ದಂತ ಕಾಲೇಜಿನಲ್ಲಿ ಬಾಯಿರೋಗದ ಪಾಠ ಮಾಡಿದವಳು ನಾನು. ಕುಂಬಳೆಯಿಂದ ಬಸ್ಸು ಹತ್ತಿ, ತಲಪಾಡಿ ದಾಟಿ, ಸಂಜೆ ಮತ್ತೆ ಅದೇ ದಾರಿಯಲ್ಲಿ ವಾಪಸ್. ಈಗ ನಿವೃತ್ತಿಯಾಗಿದೆ. ವಾರಕ್ಕೆ ಎರಡು ಸಂಜೆ ಮಾತ್ರ ರೋಗಿಗಳನ್ನು ನೋಡುತ್ತೇನೆ. ಉಳಿದ ಹೊತ್ತಿನಲ್ಲಿ ಅಂಗಳದಲ್ಲಿ ಒಣಗುವ ಅಡಿಕೆಗೆ ಮಳೆ ಬರುತ್ತದಾ ಅಂತ ಆಕಾಶ ನೋಡುವುದು ನನ್ನ ಕೆಲಸ.

ಪ್ರಶ್ನೆ: ಮಗಳು ಬಿಡಿಎಸ್ ಮೂರನೇ ವರ್ಷ. ರಜೆಗೆ ಬಂದವಳು ಇಡೀ ದಿನ ಇಕ್ಕಳ ಹಿಡಿದು ತಂತಿ ಬಗ್ಗಿಸುತ್ತಾಳೆ, ಬೆರಳೆಲ್ಲ ಗಾಯ. ಹಿಂದೆ ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದಳು. ‘ಹಲ್ಲು ಕೀಳಲು ಐದು ವರ್ಷ ಯಾಕೆ, ಇದೇನು ಡಾಕ್ಟರ್ ಓದಾ, ಆಚಾರಿ ಕೆಲಸವಾ’ ಅಂತ ನೆಂಟರು ನಗುತ್ತಾರೆ. ಏನು ಹೇಳಲಿ?
– ಒಬ್ಬ ತಾಯಿ, ಪೆರ್ಲ

ಎರಡೂ ಹೌದು ಅಂತ ಹೇಳಿ ಅಮ್ಮಾ. ಆಚಾರಿ ಕೆಲಸ ಅನ್ನುವುದು ಬೈಗುಳ ಅಂತ ನನಗೆ ಯಾವತ್ತೂ ಅನಿಸಿದ್ದಿಲ್ಲ.

ನಾಲ್ಕು ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಎಂಬಿಬಿಎಸ್ ಮಕ್ಕಳ ಹಾಗೆಯೇ ಹೆಣ ಕೊಯ್ದು ಅಂಗರಚನೆ ಕಲಿಯಬೇಕು. ಜೊತೆಗೆ ಮೇಣದ ತುಂಡಿನಲ್ಲಿ ಒಂದೊಂದೇ ಹಲ್ಲನ್ನು ಕೆತ್ತಬೇಕು. ಮೇಲಿನ ದವಡೆಹಲ್ಲಿಗೂ ಕೆಳಗಿನದಕ್ಕೂ ಏನು ವ್ಯತ್ಯಾಸ ಅಂತ ಪುಸ್ತಕ ಓದಿದರೆ ಮರೆತುಹೋಗುತ್ತದೆ, ಕೆತ್ತಿದರೆ ಮರೆಯುವುದಿಲ್ಲ. ಎರಡನೇ ವರ್ಷ ಔಷಧಿ, ರೋಗಾಣು, ಹಲ್ಲಿಗೆ ತುಂಬುವ ವಸ್ತುಗಳು. ಮೂರನೇ ವರ್ಷಕ್ಕೆ ಬಂದರೆ ರೋಗಿಗಳ ಎದುರು ನಿಲ್ಲಬೇಕು. ಸಾಮಾನ್ಯ ವೈದ್ಯಕೀಯ, ಸರ್ಜರಿಯ ಪರೀಕ್ಷೆಗಳೂ ಇವೆ. ಕೊನೆಯ ವರ್ಷ ಎಂಟು ವಿಷಯ. ನೆಂಟರಿಗೆ ಇಷ್ಟು ಸಾಕು.

ಈಗ ತಂತಿಯ ವಿಷಯ. ಇದು ಹಲ್ಲು ನೇರ ಮಾಡುವ ವಿಭಾಗದ, ಅಂದರೆ ಆರ್ಥೊಡಾಂಟಿಕ್ಸ್‌ನ ಅಕ್ಷರಾಭ್ಯಾಸ. ಸುರುಳಿ ಸುತ್ತಿದ ಸ್ಟೀಲ್ ತಂತಿ ಕೊಡುತ್ತಾರೆ. ಮೊದಲ ದಿನದ ಕೆಲಸ ಅದನ್ನು ನೆಟ್ಟಗೆ ಮಾಡುವುದು ಅಷ್ಟೇ. ಮೇಜಿನ ಮೇಲೆ ಇಟ್ಟರೆ ಎಲ್ಲೂ ಏಳಬಾರದು. ಸುಲಭ ಅನಿಸುತ್ತದೆ ಅಲ್ವಾ? ನಮ್ಮ ಬ್ಯಾಚಿನಲ್ಲಿ ಇಬ್ಬರು ಅತ್ತಿದ್ದರು. ಆಮೇಲೆ ಚೌಕ, ತ್ರಿಕೋನ, ವೃತ್ತ. ಅದಾದ ಮೇಲೆ ಆಡಮ್ಸ್ ಕ್ಲಾಸ್ಪ್, ಅಂದರೆ ತೆಗೆದು ಹಾಕುವ ಪ್ಲೇಟನ್ನು ಹಲ್ಲಿಗೆ ಹಿಡಿಸುವ ಕೊಂಡಿ. 0.7 ಮಿಲಿಮೀಟರ್ ತಂತಿಯಲ್ಲಿ ಎರಡು ಬಾಣದ ತುದಿ ಮಾಡಿ, ಅವು ದವಡೆಹಲ್ಲಿನ ಎರಡೂ ಮೂಲೆಗಳ ಕೆಳಗೆ ಕಚ್ಚಿ ಕೂರುವ ಹಾಗೆ ಮಾಡಬೇಕು. ಕೂತರೆ ‘ಟಕ್’ ಅಂತ ಶಬ್ದ ಬರುತ್ತದೆ. ಆ ಶಬ್ದ ಕೇಳಲಿಕ್ಕೆ ನಾನು ಹನ್ನೊಂದು ಕೊಂಡಿ ಹಾಳು ಮಾಡಿದ್ದೆ.

ಮಗಳ ಬೆರಳು ಗಾಯವಾಗುತ್ತಿದೆ ಅಂದರೆ ಅವಳು ಸರಿಯಾಗಿಯೇ ಕಲಿಯುತ್ತಿದ್ದಾಳೆ. ಇಕ್ಕಳ ತಂತಿಯನ್ನು ಹಿಡಿದುಕೊಳ್ಳಲು ಮಾತ್ರ, ಬಗ್ಗಿಸಬೇಕಾದದ್ದು ಬೆರಳು. ಇಕ್ಕಳದಿಂದಲೇ ತಿರುಚಿದರೆ ತಂತಿಗೆ ಕಚ್ಚಿದ ಗುರುತು ಬೀಳುತ್ತದೆ, ಬಾಯಿಯೊಳಗೆ ಹೋದ ಮೇಲೆ ಅಲ್ಲಿಗೇ ಮುರಿಯುತ್ತದೆ. ತಪ್ಪಾಯಿತು ಅಂತ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೂ ಅಷ್ಟೇ, ಸ್ಟೀಲು ಗಡಸಾಗಿ ತುಂಡಾಗುತ್ತದೆ. ಹಾಗಾಗಿ ತಪ್ಪಿದರೆ ಹೊಸ ತಂತಿ. ನಮ್ಮೂರಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿ ಮಾಡುತ್ತಿದ್ದ ಒಬ್ಬ ಅಜ್ಜ ಇದ್ದರು. ಹಾಳೆ ಹಸಿ ಇರುವಾಗ ಒಂದೇ ಸಲ ಮಡಿಸಬೇಕು, ಎರಡನೇ ಮಡಿಕೆಗೆ ಅದು ಸೀಳುತ್ತದೆ ಅನ್ನುತ್ತಿದ್ದರು. ಕಾಲೇಜಿನ ಮೇಷ್ಟ್ರು ಅರ್ಧ ಗಂಟೆ ಹೇಳಿದ್ದೂ ಅದೇ.

ಬೆರಳ ತುದಿಗೆ ಬಟ್ಟೆಯ ಪ್ಲಾಸ್ಟರ್ ಸುತ್ತಿಕೊಳ್ಳಲಿ. ಎರಡು ವಾರದಲ್ಲಿ ಚರ್ಮ ದಪ್ಪ ಆಗುತ್ತದೆ.

ಪ್ರಶ್ನೆ: ನಾನು ಬಿಡಿಎಸ್ ಕೊನೆಯ ವರ್ಷದ ವಿದ್ಯಾರ್ಥಿ. ಓರಲ್ ಮೆಡಿಸಿನ್ (ಬಾಯಿರೋಗ) ಪೋಸ್ಟಿಂಗ್‌ನಲ್ಲಿ ರೋಗಿ ಒಂದು ಹಲ್ಲು ನೋವು ಅಂತ ಬಂದರೂ ನಾವು ಕುತ್ತಿಗೆಯಿಂದ ಹಿಡಿದು ಗಂಟಲಿನವರೆಗೆ ಎಲ್ಲ ನೋಡಿ ಬರೆಯಬೇಕು. ಮೇಡಂ, ಇದರಲ್ಲಿ ಸುಮ್ನೆ ಸಮಯ ಹಾಳಲ್ವಾ? ಹೊರಗೆ ಕ್ಲಿನಿಕ್ಕಿನಲ್ಲಿ ಯಾರೂ ಹೀಗೆ ನೋಡುವುದಿಲ್ಲ.
– ಮಂಜೇಶ್ವರದ ವಿದ್ಯಾರ್ಥಿ

ಹೊರಗೆ ಜಾಸ್ತಿ ಮಂದಿ ನೋಡುವುದಿಲ್ಲ, ನಿಜ. ನಾನೂ ನೋಡಿರಲಿಲ್ಲ. ಅದನ್ನು ಇಲ್ಲಿವರೆಗೆ ಎಲ್ಲೂ ಬರೆದಿಲ್ಲ, ಈಗ ಬರೆಯುತ್ತೇನೆ.

ನಾನು ಇಂಟರ್ನ್ ಆಗಿದ್ದಾಗ ನನ್ನ ದೊಡ್ಡಪ್ಪ ಊರಿಂದ ಬಸ್ಸು ಹತ್ತಿ ಬಂದರು. ಕೆಳಗಿನ ಎಡಗಡೆ ದವಡೆಹಲ್ಲಿನ ಒಂದು ಮೂಲೆ ಮುರಿದಿತ್ತು. ‘ನಾಲಿಗೆಗೆ ಹೆರೆಯುತ್ತದೆ ಮಗಾ’ ಅಂದರು. ನನಗೆ ಹೆಮ್ಮೆ, ಮನೆಯವರೇ ನನ್ನ ಕುರ್ಚಿಗೆ ಬಂದಿದ್ದಾರೆ ಅಂತ. ಚೂಪು ತುದಿಯನ್ನು ಉಜ್ಜಿ ನುಣುಪು ಮಾಡಿದೆ. ಬೆರಳು ಇಟ್ಟು ನೋಡಿ ಅಂದೆ. ಅವರು ತಲೆ ಆಡಿಸಿದರು. ಕ್ಯಾಂಟೀನಿನಲ್ಲಿ ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದೆ.

ಆ ಚೂಪು ಹಲ್ಲು ಹೆರೆಯುತ್ತಿದ್ದ ನಾಲಿಗೆಯನ್ನು ಮಾತ್ರ ನೋಡಲಿಲ್ಲ. ತುದಿಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆದು, ಬದಿಯನ್ನು ಹಿಂದಿನವರೆಗೆ ನೋಡಬೇಕು ಅಂತ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂತಲೂ ಹೇಳಲಿಲ್ಲ.

ನಾಲ್ಕು ತಿಂಗಳ ನಂತರ ಮನೆಯಲ್ಲಿ ಪೂಜೆ. ದೊಡ್ಡಪ್ಪ ಊಟಕ್ಕೆ ಕೂರದೆ ಒಳಗೆ ಗಂಜಿ ಕುಡಿಯುತ್ತಿದ್ದರು. ಮಾತು ಸ್ವಲ್ಪ ದಪ್ಪ ಕೇಳಿಸಿತು. ಟಾರ್ಚ್ ತರಿಸಿ ನೋಡಿದೆ. ನಾಲಿಗೆಯ ಎಡಬದಿಯಲ್ಲಿ, ಹಿಂದೆ, ಅಂಚು ಎದ್ದುನಿಂತ ಹುಣ್ಣು. ಬೆರಳಿಗೆ ಗಟ್ಟಿ ತಾಗಿತು. ‘ಆಗಲೂ ಇತ್ತಾ?’ ಅಂತ ಕೇಳಿದೆ. ‘ಇತ್ತು, ನೋವಿರಲಿಲ್ಲವಲ್ಲ, ಅದಕ್ಕೆ ಹೇಳಲಿಲ್ಲ’ ಅಂದರು.

ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು. ನಾಲಿಗೆಯ ಒಂದು ಭಾಗ ಹೋಯಿತು. ಆಮೇಲೆ ಅವರು ಹನ್ನೊಂದು ವರ್ಷ ಬದುಕಿದ್ದರು. ಮನೆಗೆ ಬಂದವರಿಗೆಲ್ಲ, ‘ನಮ್ಮ ಮಗು ಟಾರ್ಚ್ ಹಿಡಿದು ಕಂಡುಹಿಡಿದಳು, ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ’ ಅಂತ ಆ ತೊದಲು ಮಾತಿನಲ್ಲೇ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಸಮಯದ ಲೆಕ್ಕ ಕೇಳಿದ್ದೀರಿ. ಮೊದಲು ಕುತ್ತಿಗೆಯ ಗಂಟುಗಳು. ಆಮೇಲೆ ತುಟಿ, ತುಟಿಯ ಒಳಭಾಗ, ಎರಡೂ ಕೆನ್ನೆಯ ಒಳಗೆ, ಒಸಡು. ನಾಲಿಗೆಯ ಮೇಲೆ, ಎರಡೂ ಬದಿ, ನಾಲಿಗೆ ಎತ್ತಿಸಿ ಅದರ ಅಡಿ. ಕೊನೆಗೆ ಅಂಗುಳ, ಗಂಟಲು. ಕೈ ಪಳಗಿದರೆ ಐದು ನಿಮಿಷ ಬೇಡ. ಆದರೆ ಪ್ರತಿ ಸಲವೂ ಇದೇ ಕ್ರಮ ಇರಬೇಕು. ಕ್ರಮ ತಪ್ಪಿದರೆ ಯಾವುದೋ ಒಂದು ಮೂಲೆ ಬಿಟ್ಟುಹೋಗುತ್ತದೆ. ನಮ್ಮ ಕಡೆ ಎಲೆಅಡಿಕೆಯ ಉಂಡೆಯನ್ನು ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಇಲ್ಲಿನ ಬಾಯಿಗಳಲ್ಲಿ ಆ ಸಂದಿಯನ್ನು ಕನ್ನಡಿಯಿಂದ ಬಿಡಿಸಿ ನೋಡಲೇಬೇಕು. ಉಜ್ಜಿದರೂ ಹೋಗದ ಬಿಳಿ ಕಲೆ, ಅದಕ್ಕಿಂತ ಹೆಚ್ಚಾಗಿ ಮಖಮಲ್ಲಿನ ಹಾಗಿರುವ ಕೆಂಪು ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು. ಇವನ್ನು ಕಂಡರೆ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ‘ಚೂಪು ಹಲ್ಲಿನಿಂದ ಆಗಿರಬಹುದು’ ಅನಿಸಿದರೆ ಹಲ್ಲು ಉಜ್ಜಿ, ಎರಡು ವಾರಕ್ಕೆ ದಿನಾಂಕ ಬರೆದುಕೊಟ್ಟು ಕರೆಸಬೇಕು.

ನಮ್ಮ ಕೇರಳದಲ್ಲೇ ನಡೆದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. 1996ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಮನೆಮನೆಗೆ ಹೋಗಿ ಬಾಯಿ ನೋಡಿದವರು ಡಾಕ್ಟರುಗಳಲ್ಲ. ತರಬೇತಿ ಕೊಟ್ಟ ಪದವೀಧರ ಕಾರ್ಯಕರ್ತರು. ಅವರ ಕೈಯಲ್ಲಿ ಇದ್ದದ್ದು ಬೆಳಕು, ಕಣ್ಣು ಅಷ್ಟೇ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಹೀಗೆ ನೋಡಿಸಿಕೊಂಡ ಪಂಚಾಯತುಗಳಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ ಆಗಿತ್ತು. ವೈದ್ಯಕೀಯ ಓದದವರ ಕಣ್ಣಿಗೆ ಇಷ್ಟು ಸಾಧ್ಯ ಆದರೆ, ನಾಲ್ಕು ವರ್ಷ ಓದಿದ ನಿಮಗೆ ಐದು ನಿಮಿಷ ಭಾರವಾ?

ಇನ್ನೊಂದು ವಿಷಯ. ನಾನು ಮೇಡಂ ಆದ ಮೇಲೆ ಪ್ರತಿ ಹೊಸ ಬ್ಯಾಚಿನ ಮೊದಲ ದಿನ ನಾನೇ ರೋಗಿಯ ಕುರ್ಚಿಯಲ್ಲಿ ಕೂರುತ್ತಿದ್ದೆ. ಅದಕ್ಕೂ ಮೊದಲು ನಾಲಿಗೆಯ ಬದಿಯಲ್ಲಿ, ಹಿಂದೆ, ಜೆನ್ಶಿಯನ್ ವೈಲೆಟ್‌ನ ಒಂದು ನೇರಳೆ ಚುಕ್ಕಿ ಇಟ್ಟುಕೊಳ್ಳುತ್ತಿದ್ದೆ. ‘ಹಲ್ಲು ನೋವು, ಪರೀಕ್ಷೆ ಮಾಡಿ’ ಅನ್ನುತ್ತಿದ್ದೆ. ಒಂದು ಬ್ಯಾಚಿನಲ್ಲಿ ಹದಿನೈದು ಮಂದಿ ನೋಡಿದರು, ಚುಕ್ಕಿ ಕಂಡದ್ದು ಮೂವರಿಗೆ. ಉಳಿದವರೆಲ್ಲ ‘ನಾಲಿಗೆ: ಸಹಜ’ ಅಂತ ಬರೆದಿದ್ದರು. ಒಬ್ಬ ಹುಡುಗನಂತೂ ನನ್ನ ಹುಳುಕೇ ಇಲ್ಲದ ಹಲ್ಲಿನಲ್ಲಿ ಹುಳುಕು ಕಂಡುಹಿಡಿದಿದ್ದ.

ಪ್ರಶ್ನೆ: ಡಾಕ್ಟರಕ್ಕಾ, ನೀವೂ ಅಡಿಕೆ ತೋಟದ ಮನೆಯವರೇ. ಅಡಿಕೆ ತಿಂದರೆ ಕ್ಯಾನ್ಸರ್ ಅಂತ ಹುಡುಗರಿಗೆ ಪಾಠ ಮಾಡಿ, ಮನೆಗೆ ಬಂದು ಅದೇ ಅಡಿಕೆ ಮಾರಿ ಉಂಡದ್ದು ಸರಿಯಾ? ನಮ್ಮ ಅಜ್ಜಿ ತೊಂಬತ್ತು ವರ್ಷ ಎಲೆ ತಿಂದವರು.
– ಒಬ್ಬ ಕೃಷಿಕ, ಮುಳ್ಳೇರಿಯ

ಅಣ್ಣಾ, ಸರಿಯಾಗಿ ತಾಗುವ ಹಾಗೆ ಕೇಳಿದ್ದೀರಿ. ಈ ಪ್ರಶ್ನೆ ನನ್ನ ಗಂಡನ ಮನೆಯ ಚಾವಡಿಯಲ್ಲಿ ಎಷ್ಟೋ ಸಲ ಬಂದಿದೆ. ಮಗಳ ಕಾಲೇಜು ಫೀಸು ಕಟ್ಟಿದ್ದು ಚಾಲಿ ಅಡಿಕೆಯ ದುಡ್ಡಿನಲ್ಲೇ. ಅದನ್ನು ಮುಚ್ಚಿಟ್ಟು ಉತ್ತರ ಕೊಡುವುದಿಲ್ಲ.

ವಿಷಯ ಇರುವುದು ಹೀಗೆ. ಮೊದಲೆಲ್ಲ ದೋಷ ಹೊಗೆಸೊಪ್ಪಿನದ್ದು, ಬರೀ ಎಲೆಅಡಿಕೆಯದ್ದಲ್ಲ ಅಂತ ಒಂದು ವಾದ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2003ರಲ್ಲಿ ಕೂತು ಎಲ್ಲ ಅಧ್ಯಯನಗಳನ್ನು ಮತ್ತೆ ನೋಡಿದರು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ, ಅಡಿಕೆ ತಾನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ತೀರ್ಮಾನಿಸಿದರು. ಅಲ್ಲಿಗೆ ಆ ವಾದ ಮುಗಿಯಿತು. ನಾನು ವಿದ್ಯಾರ್ಥಿಗಳಿಗೆ ಬೇರೆ ಹೇಳಲು ಬರುವುದಿಲ್ಲ.

ಕ್ಯಾನ್ಸರಿಗೆ ಮೊದಲು ಇನ್ನೊಂದು ಕಾಯಿಲೆ ಬರುತ್ತದೆ, ಅದು ಅಡಿಕೆಯದ್ದೇ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಕೆನ್ನೆಯ ಒಳಗೆ ನಾರು ಜಾಸ್ತಿ ಬೆಳೆಯುವ ಹಾಗೆ ಮಾಡುತ್ತದೆ, ಬೆಳೆದ ನಾರು ಕರಗುವುದಿಲ್ಲ. ಮೊದಲು ಸಾರಿನ ಖಾರ ತಡೆಯಲಾಗದು, ಬಾಯಿ ಉರಿ. ಆಮೇಲೆ ಕೆನ್ನೆ ಬಿಳಚಿ, ಬಿಗಿದು, ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಬರುತ್ತದೆ. ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ 66 ಮಂದಿಯನ್ನು 17 ವರ್ಷ ಹಿಂಬಾಲಿಸಿ ನೋಡಿದ್ದರು. ಅವರಲ್ಲಿ 5 ಮಂದಿಗೆ ಬಾಯಿ ಕ್ಯಾನ್ಸರ್ ಬಂತು. 61 ಮಂದಿಗೆ ಬರಲಿಲ್ಲ ಅಂತಲೂ ಓದಬಹುದು. ನಿಮ್ಮ ಅಜ್ಜಿ ಆ ಕಡೆಯ ಲೆಕ್ಕದವರು. ನಮ್ಮ ದೊಡ್ಡಪ್ಪ ಈ ಕಡೆಯವರು. ಅವರೂ ದಿನಾ ಎಲೆ ತಿನ್ನುತ್ತಿದ್ದರು ಅಂತ ಬೇರೆ ಹೇಳಬೇಕಾ?

ಮೈಲುತುತ್ತು ಹೊಡೆಯುವುದರಿಂದ ಹೀಗೆ, ಅಡಿಕೆಯಿಂದಲ್ಲ ಅಂತ ನಮ್ಮವರು ಕೆಲವರು ಹೇಳುತ್ತಾರೆ. ಅರೆಕೋಲಿನ್ ಅಡಿಕೆಯ ಒಳಗಿನದ್ದೇ ಅಣ್ಣಾ. ಕೊಳೆರೋಗಕ್ಕೆ ಹೊಡೆಯದ ತೋಟದ ಅಡಿಕೆಯಲ್ಲೂ ಅದು ಇರುತ್ತದೆ.

ಗಿಡ ಕಡಿಯಿರಿ ಅಂತ ನಾನು ಹೇಳುವುದಿಲ್ಲ, ಹೇಳುವ ಮುಖವೂ ನನಗಿಲ್ಲ. ಆದರೆ ಅಜ್ಜಿ ತಿಂದದ್ದು ಹರಿವಾಣದಿಂದ, ಊಟದ ಮೇಲೆ, ಕೂತು. ಶಾಲೆ ಹುಡುಗ ಜೇಬಿನಿಂದ ತೆಗೆಯುವ ಪೊಟ್ಟಣ ಬೇರೆ. ಒಣ ಪುಡಿ, ಇಡೀ ದಿನ, ಹತ್ತು ಹನ್ನೆರಡು ಸಲ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಅದರ ನಂತರವೂ ಇಪ್ಪತ್ತರ ಹುಡುಗರು ಎರಡು ಬೆರಳಷ್ಟೇ ಬಾಯಿ ತೆರೆದುಕೊಂಡು ನನ್ನ ಮುಂದೆ ಕೂತಿದ್ದಾರೆ. ತಿನ್ನುವುದನ್ನು ಬಿಟ್ಟರೆ ಕಾಯಿಲೆ ಮುಂದೆ ಹೋಗದಂತೆ ತಡೆಯಬಹುದು, ಹೋದ ಮೆದುತನ ಪೂರ್ತಿ ವಾಪಸ್ ಬರುವುದು ಕಷ್ಟ.

ನೀವು ಒಂದು ಕೆಲಸ ಮಾಡಿ. ತೋಟದ ಕೆಲಸಕ್ಕೆ ಬರುವವರನ್ನೂ ಸೇರಿಸಿ ಮನೆಯವರೆಲ್ಲ ಕನ್ನಡಿ ಮುಂದೆ ನಿಂತು, ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡಲಿ. ಹಿಡಿಸದಿದ್ದರೆ ಅವರನ್ನು ಕರೆದುಕೊಂಡು ಬನ್ನಿ. ನನ್ನ ಹತ್ತಿರವೇ ಆಗಬೇಕೆಂದಿಲ್ಲ.

ಪ್ರಶ್ನೆ: ಹಲ್ಲಿಗೆ ಕಂಬಿ ಹಾಕಿಸಿಕೊಂಡವರು ಚಕ್ಕುಲಿ, ಹಲಸಿನ ಹಪ್ಪಳ ತಿನ್ನಬಹುದಾ?
– ಹತ್ತನೇ ಕ್ಲಾಸಿನ ಹುಡುಗಿ, ಸೀತಾಂಗೋಳಿ

ಹಪ್ಪಳ ಸಣ್ಣ ಚೂರು ಮಾಡಿ ತಿನ್ನು. ಚಕ್ಕುಲಿ ಬೇಡ. ಪೇರಳೆ ಹಣ್ಣನ್ನು ಕಚ್ಚಬೇಡ, ಹೆಚ್ಚಿ ತಿನ್ನು. ಹಲ್ಲಿಗೆ ಅಂಟಿಸಿದ ಒಂದು ಬ್ರ್ಯಾಕೆಟ್ ಕಿತ್ತು ಬಂದರೆ ಚಿಕಿತ್ಸೆ ಅಷ್ಟೇ ಉದ್ದ ಆಗುತ್ತದೆ. ರಾತ್ರಿ ಬ್ರಷ್ ಮಾಡದಿದ್ದರೆ ಚಕ್ಕುಲಿಗಿಂತ ದೊಡ್ಡ ತೊಂದರೆ: ಕಂಬಿ ತೆಗೆದ ದಿನ ಹಲ್ಲು ನೇರ ಇರುತ್ತದೆ, ಆದರೆ ಅದರ ಮೇಲೆಲ್ಲ ಬಿಳಿ ಕಲೆ ಇರುತ್ತದೆ.

ಪ್ರಶ್ನೆ: ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬಿಡಿಎಸ್ ಮೊದಲ ವರ್ಷ. ಕ್ಲಾಸಿನಲ್ಲಿ ಎಲ್ಲರೂ ಇಂಗ್ಲಿಷಿನವರು. ಪದಗಳು ತಲೆಗೆ ಹೋಗುವುದಿಲ್ಲ. ಬಿಟ್ಟುಬಿಡೋಣ ಅನಿಸುತ್ತದೆ.
– ನೀರ್ಚಾಲು ಕಡೆಯ ವಿದ್ಯಾರ್ಥಿನಿ

ಬಿಡಬೇಡ ತಂಗೀ. ನಿನ್ನ ಪಕ್ಕದಲ್ಲಿ ಕೂತ ಇಂಗ್ಲಿಷಿನವಳಿಗೂ ಈ ಪದಗಳು ಹೊಸವೇ. ಇವು ಇಂಗ್ಲಿಷಲ್ಲ, ಲ್ಯಾಟಿನ್, ಗ್ರೀಕ್. ಅರ್ಥ ಬಿಡಿಸಿಕೊಂಡರೆ ಸಾಕು. ಬಕ್ಕಲ್ ಅಂದರೆ ಕೆನ್ನೆ ಕಡೆ. ಲಿಂಗ್ವಲ್ ನಾಲಿಗೆ ಕಡೆ. ಮೀಸಿಯಲ್ ಮುಖದ ನಡುಗೆರೆಯ ಕಡೆ, ಡಿಸ್ಟಲ್ ಅದರಿಂದ ದೂರ. ಹಲ್ಲುಗಳಿಗಂತೂ ಹೆಸರೇ ಬೇಡ, ನಂಬರ್ ಇದೆ. 36 ಅಂದರೆ ಕೆಳಗಿನ ಎಡಗಡೆಯ ಮೊದಲ ದೊಡ್ಡ ದವಡೆಹಲ್ಲು. ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಅದು 36. ಮೊದಲ ಆರು ತಿಂಗಳು ಕಷ್ಟ, ಆಮೇಲೆ ಕನಸಿನಲ್ಲೂ ಹಲ್ಲು ನಂಬರಿನಲ್ಲೇ ಬೀಳುತ್ತದೆ.

ಮೂರನೇ ವರ್ಷದಲ್ಲಿ ಆಟ ತಿರುಗುತ್ತದೆ. ರೋಗಿ ಕುರ್ಚಿಯಲ್ಲಿ ಕೂತು ಯಾವ ಭಾಷೆಯಲ್ಲಿ ನೋವು ಹೇಳುತ್ತಾರೆ ಗೊತ್ತಾ? ಹಾಸನದ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಕೇಸ್ ಶೀಟ್ ತಂದಿದ್ದ. ತುಳು ಮಾತಾಡುವ ಒಬ್ಬರು ಅಜ್ಜಿ ‘ಕೂಲಿ ಬೇನೆ’ ಅಂದಿದ್ದರಂತೆ. ಇವನು ಕಸುಬು ಅನ್ನುವ ಜಾಗದಲ್ಲಿ ‘ಕೂಲಿ’ ಅಂತ ಬರೆದು, ತೊಂದರೆ ಅನ್ನುವ ಜಾಗವನ್ನು ಖಾಲಿ ಬಿಟ್ಟಿದ್ದ. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು ಅಂತ ಅವನಿಗೆ ಯಾರು ಹೇಳಬೇಕು!

ಅರ್ಧ ರೋಗ ಪತ್ತೆಯಾಗುವುದು ಮಾತಿನಲ್ಲೇ. ತಣ್ಣೀರು ಕುಡಿದರೆ ‘ಜುಮ್’ ಅಂತ, ಕೂಡಲೇ ಹೋಗುತ್ತದೆ ಅಂದರೆ ಹಲ್ಲಿನ ನರ ಇನ್ನೂ ಚೆನ್ನಾಗಿದೆ, ಉಳಿಸಬಹುದು. ರಾತ್ರಿ ಮಲಗಿದರೆ ‘ಹೊಡೆದುಕೊಳ್ಳುತ್ತದೆ’, ಎದ್ದು ಕೂತರೆ ಸ್ವಲ್ಪ ವಾಸಿ ಅಂದರೆ ಒಳಗಿನ ನರ ಬಾತಿದೆ, ಬೇರು ಚಿಕಿತ್ಸೆಯೇ ಆಗಬೇಕು. ‘ಆ ಹಲ್ಲು ಎತ್ತರ ಆದ ಹಾಗೆ, ಕಚ್ಚಿದರೆ ಅದೇ ಮೊದಲು ತಾಗುತ್ತದೆ’ ಅಂದರೆ ಬೇರಿನ ತುದಿಯ ಆಚೆಗೂ ಹೋಗಿದೆ. ‘ಮುಖಕ್ಕೆ ಕೈ ತಾಗಿದರೆ ಕರೆಂಟು ಹೊಡೆದ ಹಾಗೆ ಚುಳ್ ಅಂತ, ಅರೆ ಗಳಿಗೆ, ಮತ್ತೆ ಏನೂ ಇಲ್ಲ’ ಅಂದರೆ ಅದು ಹಲ್ಲಿನದ್ದೇ ಅಲ್ಲದಿರಬಹುದು, ಮುಖದ ನರದ ನೋವು. ಇದು ತಿಳಿಯದೆ ಒಂದರ ಹಿಂದೆ ಒಂದು ಒಳ್ಳೆಯ ಹಲ್ಲು ಕೀಳಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕಿತ್ತವರಿಗೆ ರೋಗಿಯ ಮಾತು ಕೇಳಿಸಿತ್ತು, ‘ಚುಳ್’ ಕೇಳಿಸಿರಲಿಲ್ಲ.

ಕಾಸರಗೋಡಿನಲ್ಲಿ ಏಳು ಭಾಷೆ ಅಂತ ನಾವು ಭಾಷಣದಲ್ಲಿ ಹೆಮ್ಮೆಪಡುತ್ತೇವೆ. ನಿನಗೆ ಕನ್ನಡ, ಮಲಯಾಳ ಬರುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಇದ್ದೇ ಇರುತ್ತದೆ. ಇಂಗ್ಲಿಷಿನವಳು ಮೂರನೇ ವರ್ಷದಲ್ಲಿ ಅನುವಾದಕ್ಕೆ ನಿನ್ನನ್ನೇ ಕರೆಯುತ್ತಾಳೆ, ನೋಡುತ್ತಿರು. ಆಗ ಜಂಬ ಮಾಡಬೇಡ.

ಪ್ರಶ್ನೆ: ಮಗನಿಗೆ ಹನ್ನೆರಡು. ಮೇಲಿನ ಹಲ್ಲು ಉಬ್ಬು, ಗಲ್ಲ ಹಿಂದೆ. ಕಾಲೇಜು ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಆದರೆ ವಿದ್ಯಾರ್ಥಿಗಳು ಮಾಡುತ್ತಾರಂತೆ. ನಂಬಬಹುದಾ?
– ಒಬ್ಬ ತಂದೆ, ಉಪ್ಪಳ

ನಂಬಬಹುದು, ಕೆಲವು ಪ್ರಶ್ನೆ ಕೇಳಿಕೊಂಡು. ಹಲ್ಲಿಗೆ ಅಂಟಿಸುವ ಕಂಬಿಯನ್ನು ಬಿಡಿಎಸ್ ಹುಡುಗರ ಕೈಗೆ ಕೊಡುವುದಿಲ್ಲ. ಅವರು ಮಾಡುವುದು ತೆಗೆದು ಹಾಕುವ ಪ್ಲೇಟು, ಪೆರ್ಲದ ಅಮ್ಮನ ಮಗಳು ಬಗ್ಗಿಸುತ್ತಿರುವ ತಂತಿಯದ್ದು. ಕಂಬಿಯ ಕೆಲಸ ಮಾಡುವವರು ಅದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಓದುತ್ತಿರುವವರು, ಅಂದರೆ ಆಗಲೇ ದಂತವೈದ್ಯರಾದವರು. ಅವರ ಬೆನ್ನ ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ಬೆನ್ನ ಹಿಂದೆ ಯಾರೂ ಇರುವುದಿಲ್ಲ!

ಹನ್ನೆರಡು ಒಳ್ಳೆಯ ವಯಸ್ಸು. ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಗಲ್ಲ ನಿಜವಾಗಿ ಹಿಂದಿದ್ದರೆ ಮೊದಲು ಟ್ವಿನ್ ಬ್ಲಾಕ್‌ನಂಥ ಸಾಧನ ಕೊಟ್ಟು, ಕೆಳಗಿನ ದವಡೆ ಮುಂದೆ ಹಿಡಿದು ಆ ಬೆಳವಣಿಗೆಯನ್ನೇ ಬಳಸಿಕೊಳ್ಳುತ್ತಾರೆ. ಹದಿನೆಂಟಕ್ಕೆ ಹೋದರೆ ಈ ಅವಕಾಶ ಇಲ್ಲ. ಮೊದಲ ವಾರ ಮಗ ಮಾತಾಡುವಾಗ ಜೊಲ್ಲು ಸುರಿಯುತ್ತದೆ, ಬೇಡ ಅಂತ ಹಟ ಮಾಡುತ್ತಾನೆ. ಆ ವಾರ ನೀವು ಗೆಲ್ಲಬೇಕು.

ಈಗ ಕೇಳಬೇಕಾದ ಪ್ರಶ್ನೆ. ಚಿಕಿತ್ಸೆ ಮಾಡುವವರು ಎಂಡಿಎಸ್ ಎಷ್ಟನೇ ವರ್ಷ? ಇದನ್ನು ಯಾರೂ ಕೇಳುವುದಿಲ್ಲ. ಹಲ್ಲು ಮೂಳೆಯೊಳಗೆ ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಒತ್ತಿದ ಕಡೆ ಮೂಳೆ ಕರಗಿ, ಎಳೆದ ಕಡೆ ಹೊಸದು ಕಟ್ಟಬೇಕಲ್ಲ, ಅವಸರ ಮಾಡಿದರೆ ಬೇರು ಸವೆಯುತ್ತದೆ. ಹಾಗಾಗಿ ಎರಡು ವರ್ಷ ಹಿಡಿಯುತ್ತದೆ, ನಿಮ್ಮ ಮಗನಿಗೆ ಇನ್ನೂ ಸ್ವಲ್ಪ ಜಾಸ್ತಿ. ಮೂರನೇ ವರ್ಷದವರು ಶುರು ಮಾಡಿದರೆ ನಡುವೆ ಕೋರ್ಸ್ ಮುಗಿಸಿ ಹೋಗುತ್ತಾರೆ. ಫೈಲು ಜೂನಿಯರ್ ಕೈಗೆ ಬರುತ್ತದೆ. ಬೇರೆಯವರು ಅರ್ಧ ನೇಯ್ದ ಬುಟ್ಟಿಯನ್ನು ಮುಗಿಸುವುದು ಎಷ್ಟು ಬೇಜಾರು ಅಂತ ನೇಯುವವರಿಗೆ ಗೊತ್ತು. ಮೊದಲ ವರ್ಷದವರ ಹೆಸರಿಗೆ ಬರೆಸಿಕೊಳ್ಳಿ. ತಿಂಗಳು ತಪ್ಪದೆ ಹೋಗಲು ನಿಮಗೆ ಆಗುತ್ತದಾ ಅಂತಲೂ ಲೆಕ್ಕ ಹಾಕಿ. ದೇರಳಕಟ್ಟೆಯ ಕಾಲೇಜೋ ಪೊಯಿನಾಚಿಯದ್ದೋ, ಬಸ್ಸು ಸುಲಭ ಇರುವ ಕಡೆ ಹೋಗಿ.

ಕಂಬಿ ತೆಗೆದ ಮೇಲೆ ರಿಟೇನರ್ ಕೊಡುತ್ತಾರೆ. ಅದನ್ನು ಹಾಕದಿದ್ದರೆ ಹಲ್ಲು ಮೆಲ್ಲಗೆ ಹಳೇ ಜಾಗಕ್ಕೆ ನಡೆಯುತ್ತದೆ. ಹೀಗೆ ಎರಡು ವರ್ಷದ ಕೆಲಸ ಮೇಜಿನ ಡ್ರಾಯರಿನಲ್ಲಿ ಮುಗಿದುಹೋದದ್ದು ತುಂಬಾ ಇದೆ.

ಪ್ರಶ್ನೆ: ಬಿಡಿಎಸ್ ಮುಗಿಯಿತು, ಎಂಡಿಎಸ್ ಸೀಟಿಗೆ ಕಾಯುತ್ತಿದ್ದೇನೆ. ಮನೆಯಲ್ಲಿ ಆರ್ಥೊ ಅನ್ನುತ್ತಾರೆ, ದುಡ್ಡು ಅಲ್ಲೇ ಅಂತೆ. ನನಗೆ ಓರಲ್ ಮೆಡಿಸಿನ್ ಇಷ್ಟ. ನೀವೇ ಹೇಳಿ ಮೇಡಂ.
– ಹೆಸರು ಬೇಡ, ಬದಿಯಡ್ಕ

ನನ್ನನ್ನು ಕೇಳಿದರೆ ನನ್ನ ವಿಭಾಗವನ್ನೇ ಹೇಳುತ್ತೇನೆ, ಅದು ನ್ಯಾಯವಲ್ಲ. ಮನೆಯವರು ಹೇಳುವುದು ಸುಳ್ಳಲ್ಲ. ಹಲ್ಲು ನೇರ ಮಾಡಿಸಿಕೊಳ್ಳಲು ಜನ ತಾವಾಗಿ ಬರುತ್ತಾರೆ. ಬಾಯಿರೋಗ ತೋರಿಸಲು ಯಾರೂ ತಾವಾಗಿ ಬರುವುದಿಲ್ಲ, ಬೇರೆಯವರು ಕಳಿಸಬೇಕು. ನನ್ನ ಇಪ್ಪತ್ತೆಂಟು ವರ್ಷದಲ್ಲಿ ಪಕ್ಕದ ಆರ್ಥೊ ವಿಭಾಗದ ಮುಂದೆ ಕುರ್ಚಿ ಸಾಲದೆ ಜನ ನಿಂತಿರುತ್ತಿದ್ದರು. ನಮ್ಮಲ್ಲಿಗೆ ಬಂದವರಲ್ಲಿ ಅರ್ಧ ಮಂದಿ ಎಕ್ಸ್-ರೇ ತೆಗೆಸಲು.

ಆದರೆ ಒಂದು ಮಾತು ಹೇಳುತ್ತೇನೆ. ಆರ್ಥೊ ತೆಗೆದುಕೊಂಡವರು ಬಾಯಿರೋಗ ಬಿಟ್ಟುಬಿಟ್ಟರು ಅಂತ ಯಾರು ಹೇಳಿದ್ದು? ಅಮೆರಿಕದ ದಂತವೈದ್ಯ ಆಂಗಲ್ 1899ರಲ್ಲಿ ದವಡೆಹಲ್ಲು ಹೇಗೆ ಕೂರುತ್ತದೆ ಅನ್ನುವುದರ ಮೇಲೆ ವರ್ಗ ಒಂದು, ಎರಡು, ಮೂರು ಅಂತ ಮಾಡಿಟ್ಟ. ಇಂದಿಗೂ ಹುಡುಗರು ಬಾಯಿ ತೆರೆಸಿದ ಕೂಡಲೇ ಆ ಹಲ್ಲನ್ನೇ ನೋಡುತ್ತಾರೆ. ಆದರೆ ತಿಂಗಳಿಗೊಮ್ಮೆ, ಎರಡು ವರ್ಷ, ಅದೇ ಬಾಯನ್ನು ನೋಡುವ ಅವಕಾಶ ನಮಗೆ ಯಾರಿಗಿದೆ? ಅವರಿಗೆ ಮಾತ್ರ. ನಮ್ಮ ಕಾಲೇಜಿನಲ್ಲಿ ಒಬ್ಬಳು ಆರ್ಥೊ ವಿದ್ಯಾರ್ಥಿನಿ ಇದ್ದಳು. ಕಂಬಿ ಹಾಕಿಸಿಕೊಂಡ ಹುಡುಗನ ತಂತಿ ಬದಲಿಸುವಾಗ ಅವನು ಹಿಂದಿನ ತಿಂಗಳಿನಷ್ಟು ಬಾಯಿ ತೆರೆಯುತ್ತಿಲ್ಲ ಅನಿಸಿತಂತೆ. ಸ್ಕೇಲ್ ಇಟ್ಟು ಅಳೆದಳು. ಕೆನ್ನೆಯೊಳಗೆ ಬೆರಳು ಆಡಿಸಿದಳು, ನಾರು ತಾಗಿತು. ಹುಡುಗನ ಜೇಬಿನಲ್ಲಿ ಪೊಟ್ಟಣ ಇತ್ತು. ಕೈಹಿಡಿದು ನಮ್ಮ ವಿಭಾಗಕ್ಕೆ ಕರೆದುಕೊಂಡು ಬಂದಳು. ಮೊದಲ ದಿನ ನನ್ನ ನಾಲಿಗೆಯ ನೇರಳೆ ಚುಕ್ಕಿ ಕಾಣದವರಲ್ಲಿ ಅವಳೂ ಒಬ್ಬಳಾಗಿದ್ದಳು.

ಅಂಕಕ್ಕೆ ಯಾವುದು ಸಿಗುತ್ತದೋ ಅದನ್ನು ತೆಗೆದುಕೊಳ್ಳಿ. ಎರಡೂ ಸಿಗುವಂತಿದ್ದರೆ ಬೆಳಿಗ್ಗೆ ಎದ್ದಾಗ ತಂತಿ ನೆನಪಾಗುತ್ತದಾ, ಹುಣ್ಣು ನೆನಪಾಗುತ್ತದಾ ನೋಡಿ.

ಪೆರ್ಲದ ಅಮ್ಮನಿಗೆ ಇನ್ನೊಂದು ವಿಷಯ. ನನ್ನ ಹತ್ತಿರ ಒಂದು ಹಳೆಯ ಆಡಮ್ಸ್ ಇಕ್ಕಳ ಇದೆ. ನಾನು ವಿದ್ಯಾರ್ಥಿಯಾಗಿದ್ದಾಗಿನದು, ತುದಿ ಇನ್ನೂ ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಮಗಳಿಗೆ ಬೇಕಿದ್ದರೆ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿ. ಬುಧವಾರ, ಶನಿವಾರ ಸಂಜೆ ನಾನು ಕುಂಬಳೆಯಲ್ಲಿ ಇರುತ್ತೇನೆ. ಅವಳೇ ಬಂದು ತೆಗೆದುಕೊಂಡು ಹೋಗಲಿ, ಮಾಡಿದ ಕೊಂಡಿಗಳ ಡಬ್ಬಿಯನ್ನೂ ತರಲಿ. ಮುರಿದವನ್ನೂ ಎಸೆಯದೆ ತರಬೇಕು.